ಮಾನ್ವಿಯ ಕೌದಿ, ರಾಯಚೂರಿನ ಹೊರಸು

೧೯೭೮ನೇ ಇಸವಿ. ಶಿವರಾತ್ರಿ ಮುಗಿದ ಮೇಲೆ ಬಂದ ಒಂದು ಭಾನುವಾರದ ಬೆಳಿಗ್ಗೆ. ನಾನು ರಾಯಚೂರಿನ ನಮ್ಮ ಮಾವನವರ ಮನೆಯಲ್ಲಿ, ಪಡಸಾಲೆಗೂ ಒಳಕೋಣೆಗೂ ನಡುವಿನ ಹೊಸ್ತಿಲ ಮೇಲೆ ನಿಂತಿದ್ದೆ. ಎಡ ಹೆಗಲನ್ನು ಬಾಗಿಲಿನ ಚೌಕಟ್ಟಿಗೆ ಆನಿಸಿಕೊಂಡಿದ್ದೆ. ಕೈಯಲ್ಲಿ ಚಹಾದ ಕಪ್ಪು-ಬಸಿ ಇತ್ತು. ನನಗೂ ಕೋಣೆಯೊಳಗಿನ ಹೊರಸಿಗೂ, ಅಂದರೆ ಹಗ್ಗದ ಮಂಚಕ್ಕೂ, ನಡುವೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗವಿತ್ತು. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಅವತ್ತು ಆ ಕೋಣೆಯಲ್ಲಿ ನಡೆದದ್ದನ್ನು ನಮ್ಮ ಬಂಧುಬಳಗದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಅಲ್ಲಿ ಇಲ್ಲದವರೇ ಹೆಚ್ಚು ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಆಮೇಲೆ ಕೇಳಿ ತಿಳಿದದ್ದನ್ನು ಕೇಳಿ ತಿಳಿದದ್ದೆಂದೇ ಹೇಳುತ್ತೇನೆ.

ನನ್ನ ಊರು ಮಾನ್ವಿ. ಆಗ ನಾನು ದೇವದುರ್ಗದಲ್ಲಿ ಶಾಲೆಯ ಮಾಸ್ತರನಾಗಿದ್ದೆ. ಹೆಂಡತಿ ಸುಶೀಲಾ ರಾಯಚೂರಿನವಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿ ಎರಡು ತಿಂಗಳಾಗಿತ್ತು. ನಮ್ಮ ಕಡೆ ಬಾಣಂತಿ ಐದು ತಿಂಗಳು ತುಂಬುವವರೆಗೆ ತವರಿನಲ್ಲೇ ಇರಬೇಕು. ದಿನವೂ ಬೆಳಿಗ್ಗೆ ತಾಯಿಗೂ ಕೂಸಿಗೂ ಬಿಸಿನೀರು ಹಾಕುತ್ತಾರೆ. ನೀರಾದ ಕೂಡಲೆ ಇಬ್ಬರನ್ನೂ ಹಗ್ಗದ ಹೊರಸಿನ ಮೇಲೆ ಮಲಗಿಸಿ, ಹೊರಸಿನ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ ಇಡುತ್ತಾರೆ. ಕೆಂಡದ ಮೇಲೆ ಅಜವಾನ, ಲೋಬಾನ ಉದುರಿಸುತ್ತಾರೆ. ಆ ಬಿಸಿ, ಆ ಹೊಗೆ ಹಗ್ಗದ ಸಂದಿಯಿಂದ ಮೇಲೆ ಬಂದು ಮೈಗೆ ತಾಗಬೇಕು. ಇದಕ್ಕೆ ಕಾಸುವುದು ಎನ್ನುತ್ತಾರೆ. ಕಾಸಿಸಿಕೊಳ್ಳದ ಬಾಣಂತಿಗೆ ಮುಪ್ಪಿನಲ್ಲಿ ಸೊಂಟ ನೋಯುತ್ತದೆ ಎಂಬುದು ನಮ್ಮ ಹೆಣ್ಣುಮಕ್ಕಳ ನಂಬಿಕೆ.

ನಮ್ಮ ಅತ್ತೆ ಶರಣಮ್ಮನವರ ಮನೆಯ ಹೊರಸು ಹಳೆಯದು. ಬೇವಿನ ಕಟ್ಟಿಗೆಯ ದಪ್ಪ ಕಾಲು, ಪುಂಡಿನಾರಿನ ಹಗ್ಗದ ಹೆಣಿಗೆ. ಅವರ ಮಕ್ಕಳೆಲ್ಲರ ಬಾಣಂತನ ಅದರ ಮೇಲೆಯೇ ಆಗಿತ್ತು. ಸುಶೀಲಾ ತಾನೂ ಹುಟ್ಟಿದ ಮೊದಲ ದಿನಗಳಲ್ಲಿ ಅದರ ಮೇಲೆಯೇ ಮಲಗಿದವಳು. ಉಳಿದ ದಿನಗಳಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಗೋಡೆಗೆ ಒರಗಿಸಿ ಇಡುತ್ತಿದ್ದರು.

ಆ ವರ್ಷ ಆ ಹೊರಸಿಗೆ ತಗಣಿ ಬಿದ್ದಿದ್ದವು. ತಿಗಣೆಗೆ ನಮ್ಮ ಕಡೆ ತಗಣಿ ಎನ್ನುತ್ತೇವೆ. ಆ ಕಾಲದಲ್ಲಿ ಅವು ಇಲ್ಲದ ಮನೆ ಯಾವುದಿತ್ತೋ ನನಗೆ ಗೊತ್ತಿಲ್ಲ. ಬಸ್ಸಿನ ಸೀಟಿನಲ್ಲಿ, ಟಾಕೀಸಿನ ಕುರ್ಚಿಯಲ್ಲಿ, ಶಾಲೆಯಲ್ಲಿ ನಾನು ಕೂಡುತ್ತಿದ್ದ ಬೆತ್ತದ ಕುರ್ಚಿಯಲ್ಲಿ ಕೂಡ ಇದ್ದವು. ಮನೆಯಲ್ಲಿ ತಗಣಿ ಇರುವುದರಲ್ಲಿ ನಾಚಿಕೆಯೇನಿರಲಿಲ್ಲ. ಆದರೆ ಅವು ಬೀಗರ ಕಣ್ಣಿಗೆ ಬೀಳಬಾರದಾಗಿತ್ತು.

ಹಿಂದಿನ ದಿನ ಶನಿವಾರ. ಶಾಲೆ ಬಿಟ್ಟವನೇ ಬಸ್ಸು ಹಿಡಿದು ದೇವದುರ್ಗದಿಂದ ರಾಯಚೂರಿಗೆ ಬಂದೆ. ನಾನು ಮುಟ್ಟುವ ಹೊತ್ತಿಗೆ ನಮ್ಮವ್ವ ಗಂಗಮ್ಮ ಮಾನ್ವಿಯಿಂದ ಬಂದು ಕೂತಿದ್ದಳು. ಪಕ್ಕದಲ್ಲಿ ಒಂದು ದೊಡ್ಡ ಗಂಟು. ಮೊಮ್ಮಗಳಿಗೆಂದು ಚಳಿಗಾಲವೆಲ್ಲ ಕೂತು ಹೊಲಿದ ಕೌದಿ. ಸತ್ತುಹೋದ ನಮ್ಮಜ್ಜಿಯ ಇಳಕಲ್ ಸೀರೆ, ಅವ್ವನ ಹಳೆಯ ಸೀರೆಗಳು, ನನ್ನ ಚಿಕ್ಕಂದಿನ ಅಂಗಿಗಳ ತುಂಡು, ಎಲ್ಲ ಸೇರಿಸಿ ಒತ್ತೊತ್ತಾಗಿ ದಾರ ಎಳೆದಿದ್ದಳು. ಅದನ್ನು ಬಿಚ್ಚಿ ತೋರಿಸುವ ಮೊದಲು ಅವ್ವ ಕೂಸನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಬದಲಾಯಿತು.

"ಬೀಗತಿ, ಕೂಸಿನ ಗಲ್ಲದ ಮ್ಯಾಲೆ ಇದೇನ್ರೀ ಕೆಂಪಗ?"

"ಬೆವರಸಾಲಿ ರೀ. ಸೆಕಿ ಸುರು ಆತಲ್ಲ," ಎಂದರು ಅತ್ತೆ.

"ಶಿವರಾತ್ರಿ ಈಗರ ಆಗ್ಯಾದ. ಇಷ್ಟರಾಗ ಎಲ್ಲೀದು ಬೆವರಸಾಲಿ?"

"ರಾಯಚೂರಾಗ ಬ್ಯಾಸಿಗಿ ಬ್ಯಾರೆ, ಚಳಿಗಾಲ ಬ್ಯಾರೆ ಇರ್ತಾವೇನ್ರೀ? ಹನ್ನೆರಡು ತಿಂಗಳೂ ಬ್ಯಾಸಿಗಿನ."

ಅವ್ವ ಕೂಸನ್ನು ನನ್ನ ಕೈಗೆ ಕೊಟ್ಟು ಒಳಕೋಣೆಗೆ ಹೋದಳು. ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಾಲಿನ ಹತ್ತಿರ ಹಗ್ಗ ಸುತ್ತಿದ ಗಂಟಿನೊಳಗೆ ಹೆಬ್ಬೆರಳು ತೂರಿಸಿದಳು. ಹೊರಗೆ ಬಂದು ಆ ಬೆರಳನ್ನು ಎಲ್ಲರಿಗೂ ತೋರಿಸಿದಳು. ಉಗುರಿನ ಮೇಲೆ ಹೊಟ್ಟೆ ತುಂಬಿದ ಒಂದು ತಗಣಿ ಇತ್ತು.

"ಮತ್ತ ಇದಕ್ಕೇನಂತಾರ್ರೀ ನಿಮ್ಮ ರಾಯಚೂರಾಗ? ಇದೂ ಬೆವರಸಾಲಿನ ಏನು?"

ಅತ್ತೆಯ ಮುಖ ಕೆಂಪಗಾಯಿತು. "ಅದು ನಿಮ್ಮ ಕೌದಿ ಜೋಡಿ ಮಾನ್ವಿಲಿಂದ ಬಂದದ್ದು. ನಮ್ಮನಿ ತಗಣಿ ಇಷ್ಟು ದಪ್ಪ ಇರಂಗಿಲ್ಲ."

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮ ಮಾವ ಅದರ ಹಿಂದಿನಿಂದಲೇ, "ಹೌದ್ರೀ, ನಮ್ಮವು ಬಡಕ ಅದಾವ," ಎಂದರು.

"ನೀವು ಸುಮ್ಕಿರ್ರಿ!" ಎಂದರು ಅತ್ತೆ.

"ಕೌದಿ ಗಂಟು ಇನ್ನ ಬಿಚ್ಚಿಲ್ರೀ ನಾನು," ಎಂದಳು ಅವ್ವ. "ಗಂಟಿನಾಗಿಂದ ಜಿಗಿದು ಹೊರಸಿಗಿ ಬಂತೇನು? ನಿಮ್ಮನಿಯವ್ರು ದಿನಾ ಟಾಕೀಸಿಗಿ ಹೋಗ್ತಾರಲ್ಲ, ಆ ಕುರ್ಚಿಲಿಂದ ಬಂದಾವ ಇವು."

ಮಾವ ಪೇಪರು ಕೆಳಗಿಳಿಸಿದರು. "ದಿನಾ ಎಲ್ಲಿ ಹೋಗ್ತೀನ್ರೀ? ಪಿಚ್ಚರ್ ಬದಲಾದಾಗ ಅಷ್ಟ ಹೋಗ್ತೀನಿ."

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ದೇವದುರ್ಗದ ಬಾಡಿಗೆ ಮನೆಯಿಂದ ಸುಶೀಲಾ ತಂದ ಟ್ರಂಕಿನಲ್ಲಿ ಬಂದಿರಬಹುದೇ ಎಂದು ಅತ್ತೆ ಬಹಳ ಮರ್ಯಾದೆಯಿಂದ ಕೇಳಿದರು. ನಾನು ಗೊತ್ತಿಲ್ಲವೆಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಒಳಗಿನಿಂದ ಸುಶೀಲಾ ಕೂಗಿದಳು: "ಮೂರು ಊರಾಗ ಯಾವ ಊರವು ಅಂತ ಆಮ್ಯಾಲೆ ಪಂಚಾಯ್ತಿ ಮಾಡ್ರಿ. ಮೊದಲ ಕೂಸಿನ ಮ್ಯಾಲಿಂದ ತೆಗೀರಿ!"

ಅಲ್ಲಿಯವರೆಗೆ ನಗುವ ಹಾಗೆಯೇ ಇತ್ತು. ಆದರೆ ಅವ್ವ ನಗಲಿಲ್ಲ. ನನಗಿಂತ ಮೊದಲು ಹುಟ್ಟಿದ ಇಬ್ಬರನ್ನು ಅವಳು ಕೂಸಿನಲ್ಲೇ ಕಳೆದುಕೊಂಡಿದ್ದಳು. ಎಳೆಗೂಸಿನ ಮೈಮೇಲೆ ಒಂದು ಕೆಂಪು ಕಲೆ ಕಂಡರೂ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಅದು ನನಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ.

"ನಾಳಿ ಮಧ್ಯಾಹ್ನದ ಬಸ್ಸಿಗಿ ನನ್ನ ಸೊಸಿನ್ನ, ಮೊಮ್ಮಗಳನ್ನ ಮಾನ್ವಿಗಿ ಕರ್ಕೊಂಡು ಹೋಗ್ತೀನಿ," ಎಂದಳು ಅವ್ವ. "ಆ ಹೊರಸಿನ ಮ್ಯಾಲೆ ಇನ್ನ ಮಲಗಸೂದು ಬ್ಯಾಡ."

ಐದು ತಿಂಗಳು ತುಂಬದ ಬಾಣಂತಿಯನ್ನು ಗಂಡನ ಮನೆಯವರು ಕರೆದುಕೊಂಡು ಹೋದರೆ ತವರಿನವರು ಸಾಕಲಿಲ್ಲ ಎಂದೇ ಅರ್ಥ. ಆ ಮಾತು ಓಣಿಯಲ್ಲಿ ಹಬ್ಬಿದರೆ ಅತ್ತೆ ಮತ್ತೆ ತಲೆಯೆತ್ತಿ ನೀರಿಗೆ ಹೋಗುವಂತಿರಲಿಲ್ಲ. ಅವರು ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು ಕೇಳಿತು.

ಭಾನುವಾರ ಬೆಳಿಗ್ಗೆ ನಾನು ಮುಖ ತೊಳೆಯಲು ಹಿತ್ತಲಿಗೆ ಹೋದಾಗ ಅವ್ವ ಅಲ್ಲಿಯ ಕಟ್ಟೆಯ ಮೇಲೆ ಕೂತು ತಪಕೀರ ಏರಿಸುತ್ತಿದ್ದಳು. ಅವಳಿಗೆ ನಶ್ಯದ ಚಟ ಬಹಳ ಹಿಂದಿನಿಂದ ಇತ್ತು. ಎರಡು ಬೆರಳಲ್ಲಿ ಚಿಟಿಕೆ ಪುಡಿ ಹಿಡಿದೇ ನನ್ನನ್ನು ಹತ್ತಿರ ಕರೆದಳು.

"ಯಪ್ಪಾ, ನಿನ್ನಿ ಸಿಟ್ಟಿನಾಗ ಅಂದುಬಿಟ್ಟೆ. ಆಕಿ ರಾತ್ರಿ ರೊಟ್ಟಿ ಸೈತ ಉಂಡಿಲ್ಲ. ಎರಡು ತಿಂಗಳಾತು, ಸೊಂಟ ಬಗ್ಗಿಸಿ ದಿನಾ ನೀರು ಹಾಕಾಕತ್ಯಾಳ. ನಾವು ಬಂದು ಬೆರಳು ತೋರಿಸಿದಿವಿ. ಇವತ್ತು ಕಾಸೂದು ನಾನ ಮಾಡ್ತೀನಿ. ಆಕಿ ಒಂದೀಟು ಕುಂದ್ರಲಿ."

"ಮತ್ತ ಮಧ್ಯಾಹ್ನದ ಬಸ್ಸು?" ಎಂದೆ.

"ನೋಡೂಣು," ಎಂದಳು. ಬಸ್ಸಿಗೆ ಹೋಗುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಅತ್ತೆಗೆ ಹೇಳಿಬಿಡು ಎಂದೆ. "ಬಾಯಿಲೆ ಏನು ಹೇಳೂದು? ಮಾಡಿದರ ತಿಳೀತದ," ಎಂದು ಒಲೆಯ ಹತ್ತಿರ ಎದ್ದು ಹೋದಳು.

ಅದೇ ಹೊತ್ತಿಗೆ ಅತ್ತೆ ಏನು ಮಾಡಿದ್ದರು ಎಂಬುದನ್ನು ನಾವು ಆಮೇಲೆ ಅವರ ಬಾಯಿಂದಲೇ ಕೇಳಿದೆವು. ಆದರೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮಗಳನ್ನೂ ಕೂಸನ್ನೂ ಬಚ್ಚಲಿಗೆ ಕಳಿಸಿದವರೇ ಅವರು ಸೀಮೆಎಣ್ಣೆಯ ಡಬ್ಬಿ ತಂದು ಹೊರಸಿಗೆ ಹಾಕಿದ್ದರು. ಸೀಮೆಎಣ್ಣೆ ಬಿದ್ದರೆ ತಗಣಿ ಸಾಯುತ್ತವೆಂದು ಎಲ್ಲ ಮನೆಗಳಲ್ಲೂ ಹಾಕುತ್ತಿದ್ದರು. ಆದರೆ ಹತ್ತಿಯ ಬತ್ತಿಯಲ್ಲಿ ಅದ್ದಿ ಸಂದಿಗೆ ಒಂದೊಂದು ಹನಿ ಬಿಡುವುದು ರೂಢಿ. ಅತ್ತೆಗೆ ಅವತ್ತು ಅಷ್ಟು ತಾಳ್ಮೆ ಇರಲಿಲ್ಲ. ಬೀಗತಿಯ ಕಣ್ಣಿಗೆ ಬೀಳದೆ ಮುಗಿಸಬೇಕಿತ್ತು. ಡಬ್ಬಿಯನ್ನೇ ಬಗ್ಗಿಸಿ ನಾಲ್ಕೂ ಕಾಲಿನ ಸಂದಿಗೆ, ಹಗ್ಗದ ಉದ್ದಕ್ಕೂ ಸುರಿದಿದ್ದರು. ಅಷ್ಟೇ ಅಲ್ಲ, ಮಾನ್ವಿಯ ಕೌದಿಯ ಮೇಲೂ ಅವರಿಗೆ ಸಂಶಯ ಹೋಗಿರಲಿಲ್ಲ. ಅದನ್ನು ಗಂಟಿನಿಂದ ತೆಗೆದು, ಅವ್ವ ಕಟ್ಟೆಯಿಂದ ಎದ್ದು ಹೋದ ಮೇಲೆ, ಹಿತ್ತಲಿನ ಮೂಲೆಯಲ್ಲಿದ್ದ ಬಾನಿಯಲ್ಲಿ ಹಾಕಿ ಮೇಲೆ ಕುದಿನೀರು ಹೊಯ್ದು ಮುಚ್ಚಿಟ್ಟಿದ್ದರು. ನೀರಾದ ಮೇಲೆ ಮಗಳನ್ನು ಪಡಸಾಲೆಯ ಚಾಪೆಯ ಮೇಲೆ ಕೂಡಿಸಿ, ಹೊರಸನ್ನು ನನ್ನಿಂದ ಬಿಸಿಲಿಗೆ ಹಾಕಿಸುವುದು ಅವರ ಯೋಚನೆ. ಅವತ್ತು ಅಗ್ಗಿಷ್ಟಿಕೆ ಇಡುವ ಮಾತೇ ಇರಲಿಲ್ಲ. ಇಡುವವರು ದಿನವೂ ಅವರೇ ಆದ್ದರಿಂದ ಯಾರಿಗೂ ಹೇಳಬೇಕೆಂದು ಅನಿಸಿರಲಿಲ್ಲ.

ಈಗ ನಾನು ಕಂಡದ್ದು.

ಮಾವ ಸಂತೆಯ ಚೀಲ ಹಿಡಿದು ಹೊರಗೆ ಹೋಗಿದ್ದರು. ನಾನು ಚಹಾ ಹಿಡಿದು ಹೊಸ್ತಿಲ ಮೇಲೆ ನಿಂತೆ. ಸುಶೀಲಾ ನೀರು ಮುಗಿಸಿ, ತಲೆಗೆ ಬಟ್ಟೆ ಬಿಗಿದುಕೊಂಡು, ಕೂಸನ್ನು ಎದೆಗೆ ಅವಚಿಕೊಂಡು ಬಂದಳು. ಅವ್ವ ಅವಳ ರಟ್ಟೆ ಹಿಡಿದು ನಡೆಸಿಕೊಂಡು ಬಂದಳು. ಅತ್ತೆ ಬಚ್ಚಲಿನಲ್ಲೇ ಇದ್ದರು. ಒದ್ದೆ ಬಟ್ಟೆ ಹಿಂಡುವ ಸದ್ದು ಕೇಳುತ್ತಿತ್ತು. ಹೊರಸಿನ ಮೇಲೆ ಅವ್ವ ಆಗಲೇ ಹಳೆಯ ಧೋತರ ಹಾಸಿದ್ದಳು. ಸುಶೀಲಾ ಮಲಗಿದಳು. ಕೂಸು ಅವಳ ಬಲಮಗ್ಗುಲಲ್ಲಿತ್ತು.

"ಅತ್ತಿ, ಚಿಮಣಿ ಎಣ್ಣಿ ನಾತ ಬರಾಕತ್ಯಾದಲ್ಲ?" ಎಂದಳು ಸುಶೀಲಾ.

"ಸ್ಟೋವಿಂದಿರಬೇಕು ತಗೋ," ಎಂದಳು ಅವ್ವ. ಅಡುಗೆಮನೆಯ ಸ್ಟೋವಿನಿಂದಾಗಿ ಆ ಮನೆಯಲ್ಲಿ ಯಾವಾಗಲೂ ಸ್ವಲ್ಪ ಸೀಮೆಎಣ್ಣೆಯ ವಾಸನೆ ಇದ್ದೇ ಇರುತ್ತಿತ್ತು. ಅವ್ವನಿಗಂತೂ ತಪಕೀರ ಏರಿಸಿದ ಮೇಲೆ ಎಷ್ಟೋ ಹೊತ್ತು ಯಾವ ವಾಸನೆಯೂ ಹತ್ತುತ್ತಿರಲಿಲ್ಲ.

ನಾನು ನೆಲದ ಮೇಲೆ, ಹೊರಸಿನ ಕಾಲುದೆಸೆಯ ಕಾಲಿನ ಸುತ್ತ, ಪರಸಿ ಕಲ್ಲು ಒದ್ದೆಯಾಗಿ ಹೊಳೆಯುವುದನ್ನು ಕಂಡೆ. ಸುಶೀಲಾಳ ಮೈಯಿಂದ ಇಳಿದ ನೀರು ಎಂದುಕೊಂಡೆ. ಅವ್ವ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಅರಿವೆಯಿಂದ ಹಿಡಿದು ತಂದು, ಮೊಣಕಾಲೂರಿ ಹೊರಸಿನ ಕೆಳಗೆ ಸರಿಸಿದಳು. ಅರಿವೆಯನ್ನು ಹೆಗಲ ಮೇಲೆ ಹಾಕಿಕೊಂಡಳು. ಅಜವಾನ ಉದುರಿಸಿದಳು. ಹೊಗೆ ಬರಲೆಂದು ಬಗ್ಗಿ ಒಂದು ಸಲ ಊದಿದಳು.

ಮೊದಲು ಕಂಡದ್ದು ನೀಲಿ. ನೆಲದ ಮೇಲೆ ಒಂದು ನೀಲಿ ಬೆಂಕಿ ನೀರು ಹರಿದಂತೆ ಹರಿಯಿತು. ಅದು ಹೊರಸಿನ ಕಾಲು ಹತ್ತಿತು. ಹಗ್ಗ ಮುಟ್ಟಿದಾಗ ಭಗ್ಗೆಂದು ಹಳದಿಯಾಯಿತು. ಅದೇ ಹೊತ್ತಿಗೆ ಬಚ್ಚಲ ಕಡೆಯ ಬಾಗಿಲಲ್ಲಿ ಅತ್ತೆ ಚೀರಿದರು: "ಬೆಂಕಿ ಇಡಬ್ಯಾಡ್ರೀ! ಎಣ್ಣಿ ಹಾಕೀನಿ!" ಚೀರಿದ್ದು ಮೊದಲೋ ಬೆಂಕಿ ಮೊದಲೋ ಎಂಬುದರಲ್ಲಿ ನನಗೂ ಸುಶೀಲಾಳಿಗೂ ಇನ್ನೂ ಒಮ್ಮತವಿಲ್ಲ. ಚೀರಿದ್ದೇ ಮೊದಲು ಎನ್ನುತ್ತಾಳೆ ಅವಳು. ನಾನು ಬೆಂಕಿ ಮೊದಲು ಎನ್ನುತ್ತೇನೆ.

ಅವ್ವ ಏಳಲಿಲ್ಲ. ಹಿಂದೆ ಸರಿಯಲೂ ಇಲ್ಲ. ಹೆಗಲ ಮೇಲಿದ್ದ ಅರಿವೆಯನ್ನು ತೆಗೆದುಕೊಳ್ಳಲಿಲ್ಲ. ಎರಡೂ ಬರಿಗೈಯನ್ನು ಹೊರಸಿನ ಕೆಳಗೆ ಹಾಕಿ, ಕೆಂಡ ತುಂಬಿದ ಆ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಹಿಡಿದು ತನ್ನ ಕಡೆಗೆ ಎಳೆದಳು. ಎಳೆದು ಗೋಡೆಯ ಬದಿಗೆ ನೂಕಿದಳು. ಅವಳ ಬಾಯಿಂದ ಒಂದು ಸದ್ದೂ ಬರಲಿಲ್ಲ. ಕೂಸು ಹೊರಸಿನ ಮೇಲಿದೆ, ಕೆಂಡ ಅದರ ಕೆಳಗಿದೆ. ಅವಳಿಗೆ ತಿಳಿದದ್ದು ಅಷ್ಟೇ ಇರಬೇಕು.

ಸುಶೀಲಾ ಕೂಸನ್ನು ಎದೆಗೆ ಒತ್ತಿಕೊಂಡು ತಲೆದೆಸೆಯಿಂದ ಉರುಳಿದಳು. ನನ್ನ ಕೈಯಿಂದ ಕಪ್ಪು ಯಾವಾಗ ಬಿತ್ತೋ ಗೊತ್ತಿಲ್ಲ. ನಾನು ಮುಂದೆ ಹಾಯ್ದು ಇಬ್ಬರನ್ನೂ ತೆಕ್ಕೆಗೆ ತೆಗೆದುಕೊಂಡೆ. ಮೂವರೂ ಹೊಸ್ತಿಲ ಈಚೆಗೆ ಬಿದ್ದೆವು. ಬಿದ್ದಲ್ಲಿಂದ ನಾನು ತಲೆಯೆತ್ತಿ ನೋಡಿದಾಗ ಹೊರಸಿನ ಕಾಲುದೆಸೆ ಪೂರ್ತಿ ಉರಿಯುತ್ತಿತ್ತು. ಧೋತರದ ಅಂಚು ಹೊತ್ತಿಕೊಂಡು ಮೇಲೆ ಏಳುತ್ತಿತ್ತು. ಒಂದು ಗಳಿಗೆಯ ಹಿಂದೆ ಸುಶೀಲಾಳ ಕಾಲು ಇದ್ದ ಜಾಗ ಅದು.

ಅತ್ತೆ ಬಾಗಿಲಲ್ಲಿ ಇರಲಿಲ್ಲ. ಹೆದರಿ ಓಡಿದರೇನೋ ಎಂದುಕೊಂಡೆ. ಅಷ್ಟರಲ್ಲಿ ಅವರು ಹಿತ್ತಲಿನಿಂದ ಬಂದರು. ಎರಡೂ ತೋಳಿನ ತುಂಬ ನೀರು ಸುರಿಯುವ, ಹಬೆಯಾಡುವ ಕೌದಿ ಇತ್ತು. ನೀರು ಕುಡಿದ ಕೌದಿ ಎಷ್ಟು ಭಾರವಿರುತ್ತದೆಂಬುದು ಅದನ್ನು ಒಗೆದವರಿಗೆ ಗೊತ್ತು. ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ನಮ್ಮತ್ತೆ ಸಣ್ಣ ಆಳು. ಅವರು ಒಬ್ಬರೇ ಅದನ್ನು ಎತ್ತಿಕೊಂಡು ಬಂದು ಉರಿಯುವ ಹೊರಸಿನ ಮೇಲೆ ಒಗೆದರು. ಒಗೆದು, ಅದರ ಮೇಲೆ ತಾವೂ ಬೋರಲು ಬಿದ್ದರು. ಚೊಂಯ್ ಎಂದಿತು. ಕೋಣೆಯ ತುಂಬ ಹಬೆ, ಸುಟ್ಟ ನಾರಿನ ವಾಸನೆ. ಆಮೇಲೆ ಬೆಂಕಿ ಇರಲಿಲ್ಲ.

ಪಕ್ಕದ ಮನೆಯ ಖಾಜಾಬಿ ಅತ್ತೆಯ ಚೀರಾಟ ಕೇಳಿ ಓಡಿಬಂದರು. ಕೈಗೆ ರೊಟ್ಟಿಯ ಹಿಟ್ಟು ಹತ್ತಿತ್ತು. ಬಾಗಿಲಲ್ಲೇ, "ಯಾ ಅಲ್ಲಾ! ಕೂಸೆಲ್ಲಿ? ಮೊದಲ ಕೂಸು ತೋರಸ್ರಿ!" ಎಂದರು. ಸುಶೀಲಾಳ ಕೈಯಿಂದ ಕೂಸನ್ನು ತೆಗೆದುಕೊಂಡು ಪಡಸಾಲೆಯ ಬೆಳಕಿಗೆ ಹೋದರು. ಸುತ್ತಿದ ಬಟ್ಟೆ ಬಿಚ್ಚಿ ಅಂಗಾಲಿನಿಂದ ನೆತ್ತಿಯವರೆಗೆ ಇಂಚಿಂಚು ನೋಡಿದರು. ಹೊರಳಿಸಿ ಬೆನ್ನು ನೋಡಿದರು.

"ಏನಾಗಿಲ್ಲ," ಎಂದರು ಖಾಜಾಬಿ. "ತಗಣಿ ಕಡದಾವ ಅಷ್ಟ."

ಆಗ ಕೂಸು ಅಳಲು ಶುರು ಮಾಡಿತು. ಅದರ ಜೊತೆಗೇ ಅವ್ವ, ಅತ್ತೆ ಇಬ್ಬರೂ ಅತ್ತರು.

"ನಂದ ತಪ್ಪು ರೀ, ಹೇಳದ ಎಣ್ಣಿ ಹಾಕಿದೆ," ಎಂದರು ಅತ್ತೆ.

"ನಿಮ್ಮದೇನ್ರೀ, ಕೇಳದ ಕೆಂಡ ಇಟ್ಟಾಕಿ ನಾನು," ಎಂದಳು ಅವ್ವ.

"ನಿಮ್ಮ ಕೌದಿ ಸುಟ್ಟೆ."

"ಸುಡಲಿ ಬಿಡ್ರಿ. ಅದು ಕೂಸಿಗಂತನ ಹೊಲದದ್ದು."

ಅತ್ತೆ ಅವ್ವನ ಕೈ ಹಿಡಿಯಲು ಹೋದರು. ಆಗಲೇ ನಾವೆಲ್ಲ ಆ ಅಂಗೈಗಳನ್ನು ನೋಡಿದ್ದು. ಅವನ್ನು ವರ್ಣಿಸುವುದಿಲ್ಲ. ಟಾಂಗಾ ಹಿಡಿದು ದವಾಖಾನೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅತ್ತೆ ಅವ್ವನ ಎರಡೂ ಮುಂಗೈಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಟಾಂಗಾ ಕುಲುಕಿದಾಗಲೆಲ್ಲ ಎತ್ತಿ ಹಿಡಿಯುತ್ತಿದ್ದರು. ಡಾಕ್ಟರು ಹೇಗಾಯಿತೆಂದು ಕೇಳಿದರು. ಅವ್ವ, "ರೊಟ್ಟಿ ಹಂಚು ಹಿಡಿದೆ ರೀ," ಎಂದಳು. ಎರಡೂ ಕೈಯಿಂದ ಹಂಚು ಹಿಡಿಯುವವರು ಯಾರು ಎಂದು ಡಾಕ್ಟರು ನನ್ನ ಮುಖ ನೋಡಿದರು.

ನಾವು ಮನೆಗೆ ಬಂದಾಗ ಮಾವ ಅಂಗಳದಲ್ಲಿ ಸಂತೆಯ ಚೀಲ ಹಿಡಿದೇ ನಿಂತಿದ್ದರು. ಖಾಜಾಬಿಯವರು ಮಗನನ್ನು ಕರೆದು ಸುಟ್ಟ ಹೊರಸನ್ನು ಹೊರಗೆ ಹಾಕಿಸಿದ್ದರು. ಗೋಡೆಯ ಮೇಲೆ ಕೌದಿ ನೇತಾಡುತ್ತಿತ್ತು.

"ಏನಾತಿದು?" ಎಂದರು ಮಾವ.

"ತಗಣಿ ಸುಟ್ಟಿವಿ," ಎಂದರು ಅತ್ತೆ.

ಮಾವ ಅವ್ವನ ಎರಡೂ ಕೈಯ ಬಿಳಿ ಪಟ್ಟಿ ನೋಡಿದರು, ಹೊರಸು ನೋಡಿದರು. "ತಗಣಿ ಸುಡಾಕ ಹೊರಸ ಸುಡಬೇಕೇನು?" ಎಂದರು. ಆಮೇಲೆ ಚೀಲ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತರು. ಎಲ್ಲವನ್ನೂ ಹೇಳಿದೆವು. ಆ ತಿಂಗಳು ಅವರು ಒಂದೂ ಪಿಚ್ಚರಿಗೆ ಹೋಗಲಿಲ್ಲ.

ಅವ್ವ ಮಧ್ಯಾಹ್ನದ ಬಸ್ಸಿಗೆ ಹೋಗಲಿಲ್ಲ. ಕೈ ಮಾಯುವವರೆಗೆ ರಾಯಚೂರಿನಲ್ಲೇ ಉಳಿದಳು. ನಾನು ಸೋಮವಾರ ಶಾಲೆಗೆ ದೇವದುರ್ಗಕ್ಕೆ ಹೋಗಿ ಮುಂದಿನ ಶನಿವಾರ ಬಂದೆ. ಬಂದವನು ಮೊದಲು ನಿಂತದ್ದು ಅದೇ ಹೊಸ್ತಿಲ ಮೇಲೆ. ಆಗ ಕಂಡದ್ದನ್ನೂ ಬರೆಯಬೇಕು. ಮೊದಲಿನದು ನೆನಪಾದಾಗಲೆಲ್ಲ ನಾನು ಬೇಕೆಂದೇ ಇದನ್ನು ನೆನಪು ಮಾಡಿಕೊಳ್ಳುತ್ತೇನೆ.

ಕೋಣೆಯಲ್ಲಿ ಹೊರಸು ಇರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಸುಶೀಲಾ, ಕೂಸು ಮಲಗಿದ್ದರು. ಪಕ್ಕದಲ್ಲಿ ಅವ್ವ ಗೋಡೆಗೆ ಒರಗಿ, ಪಟ್ಟಿ ಸುತ್ತಿದ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅತ್ತೆ ಅವಳ ಎದುರಿಗೆ ಕೂತು ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರು. ಊಟ ಮುಗಿಯಿತು. ಬಾಯಿ ಒರೆಸಿದರು. ಅವ್ವ ಒಮ್ಮೆ ತನ್ನ ಸೊಂಟದ ಕಡೆ ನೋಡಿಕೊಂಡಳು.

"ಏನ್ರೀ ಯಕ್ಕಾ, ಹೇಳ್ರಿ," ಎಂದರು ಅತ್ತೆ. ಬೀಗತಿ ಹೋಗಿ ಯಕ್ಕಾ ಆಗಿತ್ತು.

"ಏನಿಲ್ಲ ಬಿಡು."

ಅತ್ತೆ ಅವ್ವನ ಸೊಂಟದ ಸಂಚಿಗೆ ಕೈಹಾಕಿ ತಪಕೀರದ ಡಬ್ಬಿ ತೆಗೆದರು. ನಶ್ಯವೆಂದರೆ ಅವರಿಗೆ ಆಗುತ್ತಿರಲಿಲ್ಲ. ಲಗ್ನದ ಮಾತುಕತೆಗೆ ಬಂದಾಗಲೇ ಅವ್ವನ ಮೂಗು ನೋಡಿ ಮುಖ ಸ್ವಲ್ಪ ಆ ಕಡೆ ಮಾಡಿಕೊಂಡು ಕೂತವರು. ಈಗ ಎರಡು ಬೆರಳಲ್ಲಿ ಚಿಟಿಕೆ ಪುಡಿ ಹಿಡಿದು, ಮತ್ತೊಂದು ಕೈಯಲ್ಲಿ ಅವ್ವನ ಗದ್ದ ಎತ್ತಿ, ಒಂದು ಮೂಗಿನ ಹೊಳ್ಳೆಗೆ ಹಿಡಿದರು. ಅವ್ವ ಎಳೆದುಕೊಂಡಳು. ಮತ್ತೊಂದು ಹೊಳ್ಳೆಗೆ ಹಿಡಿದರು. ಆಮೇಲೆ ಸೀನಿದ್ದು ಅವ್ವನಲ್ಲ, ಅತ್ತೆ. ಮೂರು ಸಲ ಸೀನಿ, ಕಣ್ಣೀರು ಒರೆಸಿಕೊಂಡು, "ಥೂ, ಇದೇನು ಚಟ ರೀ ಯಕ್ಕಾ!" ಎಂದರು.

"ಬೈಕೋತ ಹಾಕಬ್ಯಾಡವಾ. ಹಾಕು, ಇನ್ನೊಂದೀಟು ಹಾಕು," ಎಂದಳು ಅವ್ವ.

ಸುಶೀಲಾ ನನ್ನನ್ನು ನೋಡಿ ಮೆಲ್ಲಗೆ ಹೇಳಿದಳು: "ವಾರಾತು, ಹಿಂಗ ನಡದದ. ಬಾಣಂತಿ ನಾನೋ ನಿಮ್ಮವ್ವನೋ ತಿಳೀದಂಗಾಗ್ಯಾದ."

ತಗಣಿಗಳೇನೂ ಹೋಗಿರಲಿಲ್ಲ. ಹೊರಸು ಹೋದರೂ ಅವು ಚಾಪೆಯಲ್ಲಿ, ಗೋಡೆಯ ಬಿರುಕಿನಲ್ಲಿ ಇದ್ದವು. ಆ ಬೇಸಿಗೆಯೆಲ್ಲ ಮಾವ ಗೋಡೆಗೆ ಸುಣ್ಣ ಮೆತ್ತಿದರು. ನಾನು ಬಂದಾಗಲೆಲ್ಲ ಹಾಸಿಗೆ, ಪೆಟ್ಟಿಗೆ, ಟ್ರಂಕು ಎಲ್ಲವನ್ನೂ ಅಂಗಳಕ್ಕೆ ಹೊತ್ತು ರಾಯಚೂರಿನ ಬಿಸಿಲಿಗೆ ಒಡ್ಡಿದೆ. ಕೊನೆಗೆ ಅವನ್ನು ಕಡಿಮೆ ಮಾಡಿದ್ದು ಆ ಬಿಸಿಲೇ. ಸೀಮೆಎಣ್ಣೆಯನ್ನು ಆ ಮನೆಯಲ್ಲಿ ಮತ್ತೆ ಯಾರೂ ಅದಕ್ಕೆ ಬಳಸಲಿಲ್ಲ. ಒಂದು ಸಂಜೆ ಅಂಗಳದಲ್ಲಿ ಕೂತು ಹೆಂಗಸರಿಬ್ಬರೂ ಚಾಪೆ ಜಾಡಿಸುವಾಗ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಖರೇ ಹೇಳ್ತೀನವಾ," ಎಂದಳು ಅವ್ವ, "ನಮ್ಮ ಮಾನ್ವಿ ಮನ್ಯಾಗೂ ಅದಾವ. ಇವು ನಮ್ಮವ ಇರಬೇಕು."

"ಏ ಇಲ್ಲ ಬಿಡ್ರಿ ಯಕ್ಕಾ, ನಮ್ಮವ ಇವು."

"ಇಷ್ಟು ದಪ್ಪ ನಿಮ್ಮವು ಎಲ್ಲಿರ್ತಾವ?"

ಇಬ್ಬರೂ ಚಾಪೆ ಬಿಟ್ಟು ನಕ್ಕರು.

ಸುಶೀಲಾ ಐದು ತಿಂಗಳೂ ತವರಿನಲ್ಲೇ ಇದ್ದಳು. ಮಾನ್ವಿಗೆ ಹೊರಡುವ ದಿನ ಅತ್ತೆ ಕೌದಿಯನ್ನು ಮಡಿಚಿ ಕೊಟ್ಟರು. ಸುಟ್ಟು ತೂತಾದ ಜಾಗಕ್ಕೆ ತಮ್ಮ ಮದುವೆಯ ಸೀರೆಯ ಸೆರಗನ್ನು ಕತ್ತರಿಸಿ ತೇಪೆ ಹಾಕಿದ್ದರು. ಅವ್ವನ ಹೊಲಿಗೆ ಒತ್ತೊತ್ತು, ಅತ್ತೆಯದು ಸ್ವಲ್ಪ ಅಗಲ. ಈಗಲೂ ಕೌದಿಯ ಮೇಲೆ ಕೈಯಾಡಿಸಿದರೆ ಯಾವುದು ಯಾರದೆಂದು ಬೆರಳಿಗೇ ಗೊತ್ತಾಗುತ್ತದೆ.

ಇಷ್ಟು ವರ್ಷವಾದರೂ ಸೀಮೆಎಣ್ಣೆಯ ವಾಸನೆ ಬಂದರೆ ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಯಾರ ಮನೆಗೆ ಹೋದರೂ ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡುತ್ತೇನೆ. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ ಚಪ್ಪಲಿ ಎನ್ನುತ್ತೇನೆ. ಅವತ್ತು ಅವ್ವ, ಅತ್ತೆ ಇಬ್ಬರೂ ಹೊರಟದ್ದು ಒಳ್ಳೆಯದನ್ನು ಮಾಡಲು. ಒಬ್ಬರು ಮಾನ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡರು, ಮತ್ತೊಬ್ಬರು ಮಾಡಿದರೆ ತಿಳಿಯುತ್ತದೆ ಎಂದು ಬಾಯಿ ಮುಚ್ಚಿಕೊಂಡರು. ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರು ಯಾರಿಗೆ ಏನು ಮಾಡಿಕೊಡುವುದಿದ್ದರೂ ಮೊದಲು ಬಾಯಿಬಿಟ್ಟು ಹೇಳುತ್ತೇವೆ. ಕೆಲವೊಮ್ಮೆ ಅತಿಯಾಗಿಯೇ ಹೇಳುತ್ತೇವೆ.

ಅವ್ವನ ಅಂಗೈಯ ಗೆರೆಗಳು ಮತ್ತೆ ಮೂಡಲಿಲ್ಲ. ಜಾತ್ರೆಯಲ್ಲೊಬ್ಬ ಕೈ ನೋಡಿ ಭವಿಷ್ಯ ಹೇಳುತ್ತೇನೆಂದು ಹಿಡಿದು, ನೋಡಿ, ಸುಮ್ಮನೆ ಬಿಟ್ಟಿದ್ದ. "ನನ್ನ ಭವಿಷ್ಯ ಅಲ್ಲಿ ಆಟ ಆಡಾಕತ್ಯಾಳ ನೋಡು," ಎಂದು ಅವ್ವ ಮೊಮ್ಮಗಳನ್ನು ತೋರಿಸಿದ್ದಳು. ಅವ್ವ ಈಗಿಲ್ಲ. ಅವಳ ಹಿಂದೆಯೇ ಮರುವರ್ಷ ಅತ್ತೆ ಹೋದರು. ಮಾವ ಅವರಿಬ್ಬರಿಗಿಂತ ಮೊದಲೇ ಹೋಗಿದ್ದರು.

ಆ ಭಾನುವಾರ ಬೆಳಿಗ್ಗೆ ಅಲ್ಲಿ ಇದ್ದವರಲ್ಲಿ ಈಗ ಬದುಕಿರುವವರು ಇಷ್ಟು ಜನ: ಹೊಸ್ತಿಲ ಮೇಲಿದ್ದ ನಾನು. ಚೀರಿದ್ದೇ ಮೊದಲು ಎಂದು ಇವತ್ತಿಗೂ ಹೇಳುವ ನನ್ನ ಹೆಂಡತಿ ಸುಶೀಲಾ. ರಾಯಚೂರಿನ ಅದೇ ಓಣಿಯಲ್ಲಿ, ಕಣ್ಣು ಮಂಜಾದರೂ ನನ್ನ ದನಿ ಕೇಳಿದ ಕೂಡಲೆ "ಕೂಸೆಲ್ಲಿ?" ಎಂದು ಕೇಳುವ ಖಾಜಾಬಿ. ಮತ್ತು ಆ ಕೂಸು, ನನ್ನ ಮಗಳು ಕಸ್ತೂರಿ. ಅವಳಿಗೆ ಏನೂ ನೆನಪಿಲ್ಲ. ಆದರೆ ಆ ಕೌದಿ ಅವಳ ಮನೆಯಲ್ಲಿದೆ. ತೇಪೆ ಇರುವ ತುದಿ ಎದೆಯ ಕಡೆಗೆ ಬರುವಂತೆ ಹೊದ್ದುಕೊಳ್ಳುತ್ತಾಳೆ.